ಮೆಲ್ಲಗೆ ಅಂದರೆ ನಿಧಾನ ಅಲ್ಲ

ಇಟಲಿಯ ಸಂಗೀತಕಾರ ವೆರ್ಡಿ ಕಾಯರ್ (ಗಾಯನವೃಂದ) ಮತ್ತು ವಾದ್ಯಗಳಿಗಾಗಿ ಬರೆದ ‘ರೆಕ್ವಿಯೆಮ್’ ಅಭ್ಯಾಸಕ್ಕೆ ಬರುವವರೆಲ್ಲ ಅದರ ಅಬ್ಬರದ ‘ದಿಯೆಸ್ ಇರೆ’ (ಕ್ರೋಧದ ದಿನ) ಭಾಗವನ್ನು ಮನೆಯಲ್ಲೇ ಕಲಿತು ಬಂದಿರುತ್ತಾರೆ. ಆ ದೊಡ್ಡ ಡ್ರಮ್ಮಿನ ಪೆಟ್ಟು ಯಾರನ್ನಾದರೂ ಹಿಡಿದುಬಿಡುತ್ತದೆ, ತಪ್ಪೇನಿಲ್ಲ. ಆದರೆ ಮೊದಲ ಪುಟ ತೆಗೆದು ‘ಮೆಲ್ಲಗೆ ಹಾಡಿ’ ಎಂದರೆ ಸಾಕು, ನಾಲ್ಕು ಸಾಲು ದಾಟುವುದರೊಳಗೆ ಲಯ ಕುಸಿಯುತ್ತದೆ, ಅದರ ಹಿಂದೆಯೇ ಶ್ರುತಿಯೂ ಇಳಿಯುತ್ತದೆ.

ಕಾಯರ್‌ಗಳಿಗೆ ಹೇಳಿಕೊಡುತ್ತ ಬಂದ ಇಷ್ಟು ವರ್ಷಗಳಲ್ಲಿ ನನಗನ್ನಿಸಿದ್ದು, ಈ ತಪ್ಪಿಗೆ ಅರ್ಧ ಕಾರಣ ನಮ್ಮ ಮಾತೇ. ‘ಮೆಲ್ಲಗೆ ನಡಿ’ ಅಂದರೆ ನಿಧಾನ, ‘ಮೆಲ್ಲಗೆ ಮಾತಾಡು’ ಅಂದರೆ ದನಿ ತಗ್ಗಿಸು. ‘ಜೋರು’ ಕೂಡ ಹಾಗೇ. ಜೋರಾಗಿ ಓಡುತ್ತೇವೆ, ಜೋರಾಗಿ ಕೂಗುತ್ತೇವೆ. ಹಾಗಾಗಿ ಮೆಲ್ಲಗೆ ಎಂದಾಗ ನಮ್ಮವರು ರಾಗ ಎಳೆಯುತ್ತಾರೆ, ಜೋರು ಎಂದಾಗ ಓಟ ಕೀಳುತ್ತಾರೆ. ಈಗ ಆ ಎರಡು ಪದಗಳನ್ನೇ ಬಿಟ್ಟಿದ್ದೇನೆ. ‘ದನಿ ಇಳಿಸಿ, ಲಯ ಹಿಡಿದಿರಿ’ ಎನ್ನುತ್ತೇನೆ. ಎಷ್ಟು ಸಲ ಹೇಳಿದ್ದೇನೋ!

ಲೇಖಕ ಅಲೆಸ್ಸಾಂದ್ರೊ ಮಾನ್ಜೋನಿ ತೀರಿಹೋಗಿ ವರ್ಷ ತುಂಬಿದ ದಿನ, 1874ರ ಮೇ 22ರಂದು, ಮಿಲಾನಿನ ಸಾನ್ ಮಾರ್ಕೊ ಚರ್ಚಿನಲ್ಲಿ ವೆರ್ಡಿ ತಾನೇ ನಿಂತು ನಡೆಸಿದ ಕೃತಿ ಇದು. ಮೃತರಿಗಾಗಿ ಅರ್ಪಿಸುವ ಬಲಿಪೂಜೆಯ ಪಠ್ಯ. ಮೊದಲ ಪುಟದ ಪಿಸುದನಿಗೆ ಅವನು ಕೊಟ್ಟ ವೇಗ ನಿಮಿಷಕ್ಕೆ 80 ಕ್ರಾಚೆಟ್ (ಪಾಶ್ಚಾತ್ಯ ಸ್ವರಲಿಪಿಯ ಒಂದು ಕಾಲಮಾನ). ಭೂಮಿ ನಡುಗಿಸುವ ‘ದಿಯೆಸ್ ಇರೆ’ಗೆ 80 ಮಿನಿಮ್, ಅಂದರೆ ಬರಹದಲ್ಲಿ ಎರಡು ಕ್ರಾಚೆಟ್ ಉದ್ದದ ಸ್ವರ. ಮಿಡಿತ ಒಂದೇ! ಕರ್ನಾಟಕ ಸಂಗೀತ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದನೇ ಕಾಲದಿಂದ ಎರಡನೇ ಕಾಲಕ್ಕೆ ಹೋದಾಗ ಕೈಯ ತಾಳ ಹಾಗೇ ಇರುತ್ತದೆ, ಒಳಗಿನ ಸ್ವರ ಇಮ್ಮಡಿಯಾಗುತ್ತದೆ.

ತೊಟ್ಟಿಲಲ್ಲಿ ಮಗು ಆಗಷ್ಟೇ ಕಣ್ಣು ಮುಚ್ಚಿದಾಗ ಅಡುಗೆಮನೆ ಬಾಗಿಲಲ್ಲಿ ಅಕ್ಕತಂಗಿಯರು ಮಾತಾಡುವುದನ್ನು ಕೇಳಿದ್ದೀರಾ? ದನಿ ಇರುವುದೇ ಇಲ್ಲ, ಆದರೆ ಮಾತು ಎಂದಿನ ವೇಗದಲ್ಲೇ ಹೋಗುತ್ತಿರುತ್ತದೆ. ತುಟಿ, ನಾಲಿಗೆ ಇಮ್ಮಡಿ ಕೆಲಸ ಮಾಡುತ್ತವೆ, ಒಂದು ವ್ಯಂಜನವೂ ಕಳೆದುಹೋಗುವುದಿಲ್ಲ. ನನಗೆ ಬೇಕಾದದ್ದು ಅದು. ‘ರೆಕ್ವಿಯೆಮ್’ನ ‘ಕ್ವಿ’ ಚಿಟಿಕೆ ಹೊಡೆದಷ್ಟು ಸ್ಪಷ್ಟವಾಗಿ ಬರಬೇಕು. ಉಸಿರು ಕಡಿಮೆ ಸಾಕು ಎಂದುಕೊಳ್ಳಬೇಡಿ. ಸಣ್ಣ ದನಿಯನ್ನು ಹೊಟ್ಟೆಯಿಂದಲೇ ಹೊತ್ತು ನಿಲ್ಲಿಸಬೇಕು.

ಲಯ ಎಳೆದವರನ್ನು ವೆರ್ಡಿ ಅಲ್ಲೇ ಹಿಡಿದುಹಾಕುತ್ತಾನೆ. ಮೊದಲ ಭಾಗದಲ್ಲೇ ‘ತೆ ದೆಚೆತ್ ಹಿಮ್ನುಸ್’ ಎಂಬ ಸಾಲು ಬಂದಾಗ ವಾದ್ಯಗಳೆಲ್ಲ ನಿಂತು ಕಂಠಗಳಷ್ಟೇ ಉಳಿಯುತ್ತವೆ. ಅದು ಮುಗಿದು ವಾದ್ಯಗಳು ಮರಳಿದಾಗ ನಾವು ಶ್ರುತಿಯಿಂದ ಎಷ್ಟು ಕೆಳಗಿಳಿದಿದ್ದೇವೆ ಎಂಬುದು ಇಡೀ ಸಭೆಗೆ ಗೊತ್ತಾಗುತ್ತದೆ. ಕೊನೆಯ ಭಾಗ ‘ಲಿಬೆರಾ ಮೆ’ಯಲ್ಲಂತೂ ಏಕಗಾಯಕಿಯ ಎತ್ತರದ ಬಿ ಫ್ಲ್ಯಾಟ್ ಸ್ವರಕ್ಕೆ ನಾಲ್ಕು ‘ಪಿ’ಗಳ ಗುರುತಿದೆ (‘ಪಿ’ ಅಂದರೆ ಸಣ್ಣ ದನಿ, ಹೆಚ್ಚಿದಷ್ಟೂ ಇನ್ನೂ ಸಣ್ಣ). ಅಲ್ಲೂ ಕೆಳಗೆ ಕೋರಸ್ ಬಿಟ್ಟರೆ ಯಾವ ವಾದ್ಯದ ಆಸರೆಯೂ ಇಲ್ಲ.

ಒಂದು ಎಚ್ಚರಿಕೆ. 80 ಎಂದರೆ ಕಲ್ಲಿನಲ್ಲಿ ಕೊರೆದದ್ದಲ್ಲ. ಪ್ರತಿಧ್ವನಿ ಹೆಚ್ಚಿರುವ ಚರ್ಚಿನಲ್ಲಿ ನಾನೂ ಕೊಂಚ ಸಡಿಲ ಬಿಡುತ್ತೇನೆ. ಗಂಟಲು ಕಟ್ಟಿದವರು ಎತ್ತರದ ಸ್ವರಗಳಲ್ಲಿ ಈ ಸಣ್ಣ ದನಿಯನ್ನು ಒತ್ತಾಯದಿಂದ ತೆಗೆಯುವುದೂ ಬೇಡ.

ಬೇಸ್, ಅಂದರೆ ತಗ್ಗು ಗಂಡುದನಿಯವರ ಸಾಲಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ‘ಸರ್, ಇಷ್ಟು ಸಣ್ಣಗೆ ಹಾಡಿದರೆ ಹಿಂದಿನ ಬೆಂಚಿಗೆ ಕೇಳಿಸೀತೇ?’ ಎಂದು ವಾರವಾರವೂ ಕೇಳುತ್ತಿದ್ದರು. ಒಂದು ದಿನ ‘ನೀವೇ ಹೋಗಿ ಕೂತು ನೋಡಿ ಮೇಷ್ಟ್ರೇ’ ಎಂದೆ. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಾಗಿಲ ಪಕ್ಕದ ಕೊನೆಯ ಬೆಂಚಿಗೆ ಹೋಗಿ ಕೂತರು. ನಾವು ಮೊದಲ ಪುಟ ಹಾಡಿದೆವು. ಎದ್ದು ಬಂದು ತಮ್ಮ ಜಾಗದಲ್ಲಿ ನಿಂತರು. ‘ಕ್ವಿ ಕೇಳಿಸ್ತು ಸರ್,’ ಅಂದರು, ‘ಇನ್ನೊಂದ್ಸಲ ಹೋಗೋಣ.’