ಕರೆಂಟ್ ಗಾಡಿಗೆ ಚಳಿ ಹಿಡಿದದ್ದು ಯಾವಾಗ, ಮಡಿಕೇರಿಯಲ್ಲಿ ಹಿಡಿಯುವುದು ಎಷ್ಟು?

2024ರ ಜನವರಿಯಲ್ಲಿ ಅಮೆರಿಕದ ಶಿಕಾಗೋದಲ್ಲಿ ಮೈ ಕೊರೆಯುವ ಚಳಿ. ಚಾರ್ಜಿಂಗ್ ಸ್ಟೇಷನ್‌ಗಳ ಮುಂದೆ ಟೆಸ್ಲಾ ಕಾರುಗಳು ಗಂಟೆಗಟ್ಟಲೆ ಸಾಲುಗಟ್ಟಿ ನಿಂತಿದ್ದವು. ಕೆಲವು ಅಲ್ಲೇ ಚಾರ್ಜ್ ಖಾಲಿಯಾಗಿ, ಎಳೆದುಕೊಂಡು ಹೋಗಬೇಕಾಯಿತು. ಅಂಥ ಸುದ್ದಿ ನೋಡಿದ ಮೇಲೆ ಕೊಡಗಿನಲ್ಲಿ ಕಾರು ಕೊಳ್ಳಲು ಹೊರಟವರಿಗೆ ಅನುಮಾನ ಬರುವುದು ಸಹಜ. ಪುತ್ತರಿ ಮುಗಿದು ಕಾಫಿ ಕೊಯ್ಲು ಜೋರಾಗುವ ಹೊತ್ತಿಗೆ, ಬೆಳಗ್ಗೆ ತೋಟದ ಗೇಟೇ ಕಾಣದಷ್ಟು ಮಂಜು. ಈ ಚಳಿಗೆ ಕರೆಂಟ್ ಗಾಡಿ ಆಗುತ್ತಾ?

ಆಗುತ್ತೆ, ಧೈರ್ಯವಾಗಿ ಹೇಳಬಹುದು. ಆದರೆ ಈ ಹೆದರಿಕೆ ಎಲ್ಲಿಂದ ಬಂತು ಅನ್ನೋದನ್ನು ತಿಳಿದುಕೊಂಡರೆ, ನಮ್ಮ ಊರಿನಲ್ಲಿ ನಿಜವಾಗಿ ಯಾವುದಕ್ಕೆ ತಯಾರಾಗಿರಬೇಕು ಅನ್ನೋದೂ ಗೊತ್ತಾಗುತ್ತದೆ.

ನೂರು ವರ್ಷಕ್ಕೂ ಹಿಂದೆ ಚಳಿಗೆ ಹೆದರುತ್ತಿದ್ದದ್ದು ಪೆಟ್ರೋಲ್ ಕಾರು. ಎಂಜಿನ್ ಆಯಿಲ್ ಗಟ್ಟಿಯಾಗಿರುತ್ತಿತ್ತು. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ತಿರುಗಿಸಿ ರಟ್ಟೆ ಸೋಲುತ್ತಿತ್ತು. ಎಲೆಕ್ಟ್ರಿಕ್ ಕಾರಿಗೆ ಆ ಕಷ್ಟ ಇರಲಿಲ್ಲ, ಸ್ವಿಚ್ ಹಾಕಿದರೆ ಹೊರಡುತ್ತಿತ್ತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಬಂತು. ಎಲೆಕ್ಟ್ರಿಕ್ ಕಾರಿಗಿದ್ದ ಆ ಅನುಕೂಲವೂ ಕೈಬಿಟ್ಟಿತು. ಅತ್ತ ಎಡಿಸನ್ ಬಹಳ ನಂಬಿಕೆಯಿಂದ ತಯಾರಿಸಿದ ನಿಕಲ್-ಕಬ್ಬಿಣದ ಬ್ಯಾಟರಿ ಗಟ್ಟಿಮುಟ್ಟಾಗಿತ್ತು, ಆದರೆ ಚಳಿಯಲ್ಲಿ ಸೊರಗುತ್ತಿತ್ತು.

ಮುಂದೆ ಬಹಳ ವರ್ಷ ಈ ವಿಷಯದ ಮಾತೇ ಇಲ್ಲ. 1996ರಲ್ಲಿ ಜನರಲ್ ಮೋಟಾರ್ಸ್ ತನ್ನ ಇವಿ1 ಎಂಬ ಎಲೆಕ್ಟ್ರಿಕ್ ಕಾರನ್ನು ಮೊದಲು ಬಾಡಿಗೆಗೆ ಕೊಟ್ಟದ್ದು ಕ್ಯಾಲಿಫೋರ್ನಿಯಾ ಮತ್ತು ಅರಿಜೋನಾದಲ್ಲಿ. ಎರಡೂ ಬೆಚ್ಚಗಿನ ಸೀಮೆ. ಅದರಲ್ಲಿದ್ದದ್ದು ಸೀಸ-ಆಮ್ಲದ ಬ್ಯಾಟರಿ. 2001ರಲ್ಲಿ ಬೆಂಗಳೂರಿನಿಂದ ಬಂದ ನಮ್ಮ ರೇವಾ ಎಲೆಕ್ಟ್ರಿಕ್ ಕಾರಿನಲ್ಲೂ ಅದೇ.

ಲಿಥಿಯಂ ಬ್ಯಾಟರಿಯ ನಿಸಾನ್ ಲೀಫ್ 2010ರ ಕೊನೆಗೆ ಮಾರುಕಟ್ಟೆಗೆ ಬಂತು. ಅದನ್ನು ಹಿಮದ ದೇಶಗಳ ಜನ ಕೊಂಡಾಗಲೇ ಈಗಿನ ತಕರಾರು ಶುರುವಾದದ್ದು. ಇದಕ್ಕೆ ಎರಡು ಕಾರಣ. ಚಳಿಯಲ್ಲಿ ಬ್ಯಾಟರಿಯೊಳಗಿನ ದ್ರಾವಣದಲ್ಲಿ ಲಿಥಿಯಂ ಅಯಾನುಗಳ ಓಡಾಟ ನಿಧಾನವಾಗುತ್ತದೆ, ಒಳಗಿನ ಪ್ರತಿರೋಧ ಏರುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಜೋರಾಗಿ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಸೇರದೆ ಮೇಲೇ ಲೋಹವಾಗಿ ಕೂರುತ್ತದೆ, ಬ್ಯಾಟರಿ ಹಾಳಾಗುತ್ತದೆ. ಅದಕ್ಕೇ ಕಾರು ತಾನಾಗಿಯೇ ಚಾರ್ಜಿಂಗ್ ವೇಗವನ್ನು ಇಳಿಸುತ್ತದೆ. ಶಿಕಾಗೋದ ಸಾಲು ಉದ್ದವಾದದ್ದಕ್ಕೆ ಇದೂ ಒಂದು ಕಾರಣ.

ಎರಡನೆಯದು ಹೀಟರ್. ನಿಜವಾಗಿ ಜಾಸ್ತಿ ತಿನ್ನುವುದು ಇದೇ. ಪೆಟ್ರೋಲ್ ಎಂಜಿನ್ ತಾನು ಕುಡಿದ ಎಣ್ಣೆಯ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಿಸಿಯಾಗಿ ಹೊರಗೆ ಬಿಡುತ್ತದೆ, ಹಾಗಾಗಿ ಕಾರಿನೊಳಗೆ ಬಿಸಿಗಾಳಿ ಪುಕ್ಕಟೆ. ಮೋಟಾರು ಅಷ್ಟು ಬಿಸಿಯಾಗುವುದೇ ಇಲ್ಲ, ಹೀಟರ್‌ಗೆ ಬ್ಯಾಟರಿಯಿಂದಲೇ ಕರೆಂಟ್ ಕೊಡಬೇಕು. ಅಮೆರಿಕದ ವಾಹನ ಸವಾರರ ಸಂಘ ಎಎಎ 2019ರಲ್ಲಿ ಸುಮಾರು ಮೈನಸ್ 7 ಡಿಗ್ರಿಯಲ್ಲಿ ಪರೀಕ್ಷೆ ಮಾಡಿತು. ಹೀಟರ್ ಹಾಕದಿದ್ದಾಗ ರೇಂಜ್, ಅಂದರೆ ಒಂದು ಸಲದ ಚಾರ್ಜಿಗೆ ಓಡುವ ದೂರ, ಕಡಿಮೆಯಾದದ್ದು ಶೇ 12. ಹೀಟರ್ ಹಾಕಿದಾಗ ಶೇ 41! ಹೊರಗಿನ ಗಾಳಿಯಿಂದಲೇ ಬಿಸಿ ಎಳೆದು ಒಳಗೆ ತರುವ ಹೀಟ್ ಪಂಪ್ ಈಚಿನ ಎಷ್ಟೋ ಕಾರುಗಳಲ್ಲಿ ಬಂದದ್ದು ಈ ಖರ್ಚು ತಗ್ಗಿಸಲಿಕ್ಕೆ. ಚಳಿಗೇ ಹೆಸರಾದ ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಶೇ 88ಕ್ಕೂ ಹೆಚ್ಚು ಎಲೆಕ್ಟ್ರಿಕ್. ಅಲ್ಲಿಯವರು ಮನೆಯಲ್ಲಿ ಪ್ಲಗ್‌ನಲ್ಲಿ ಇರುವಾಗಲೇ ಕಾರನ್ನು ಬೆಚ್ಚಗೆ ಮಾಡಿಕೊಂಡು ಹೊರಡುತ್ತಾರೆ.

ಈಗ ಮಡಿಕೇರಿಗೆ ಬನ್ನಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ ನಮ್ಮಲ್ಲಿ ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಇರುತ್ತದೆ. ಕೆಲವು ದಿನ ಇನ್ನೂ ಕೆಳಗೆ. ಮಧ್ಯಾಹ್ನಕ್ಕೆ ಸ್ವೆಟರ್ ಬಿಚ್ಚಿಡುವಷ್ಟು ಬಿಸಿಲು. ಇಷ್ಟಕ್ಕೆ ಬ್ಯಾಟರಿ ಕಂಗೆಡುವುದಿಲ್ಲ. ಬೆಳಗ್ಗೆ ಫಾಸ್ಟ್ ಚಾರ್ಜಿಂಗ್ ಕೊಂಚ ನಿಧಾನ, ರೇಂಜ್ ಸ್ವಲ್ಪ ಕಡಿಮೆ, ಅಷ್ಟೇ. ಹೀಟ್ ಪಂಪ್ ಇದೆಯೆಂದು ಇಲ್ಲಿ ಲಕ್ಷಗಟ್ಟಲೆ ಜಾಸ್ತಿ ಕೊಡಬೇಕಾಗಿಲ್ಲ. ಗಾಜಿನ ಒಳಗೆ ಮಂಜು ಕಟ್ಟಿದರೆ ಎಸಿ ಹಾಕಿ, ತೇವ ಎಳೆದುಕೊಳ್ಳುತ್ತದೆ.

ನಮ್ಮಲ್ಲಿ ಚಾರ್ಜ್ ತಿನ್ನುವುದು ಘಾಟಿ. ಮಂಗಳೂರು ಇರುವುದು ಸಮುದ್ರದ ಮಟ್ಟದಲ್ಲಿ, ಮಡಿಕೇರಿ 1,100 ಮೀಟರ್‌ಗೂ ಮೇಲೆ. ಜನ, ಸಾಮಾನು ಸೇರಿ 1,800 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲಿಕ್ಕೇ ಐದೂವರೆ ಯೂನಿಟ್ ಹತ್ತಿರ ಬೇಕು. ರಸ್ತೆ ಓಡಿದ ಖರ್ಚು ಬೇರೆ. 2020ರಲ್ಲಿ ಬಂದ ಟಾಟಾದ ಮೊದಲ ನೆಕ್ಸಾನ್ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ 30.2 ಯೂನಿಟ್‌ನದ್ದು. ಅದರಲ್ಲಿ ಸುಮಾರು ಐದರಲ್ಲೊಂದು ಪಾಲು ಬರೀ ಹತ್ತುವುದಕ್ಕೇ ಹೋಯಿತು ಅಲ್ವಾ? ಹಾಗಾಗಿ ಸುಳ್ಯದಲ್ಲಿ ಮೀಟರ್ ತೋರಿಸುವ ಕಿಲೋಮೀಟರ್ ನಂಬಿ ಸಂಪಾಜೆ ಘಾಟಿ ಹತ್ತಬೇಡಿ.

ಇಳಿಯುವಾಗ ಅದರಲ್ಲಿ ಒಂದು ಪಾಲು ವಾಪಸ್ ಸಿಗುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರೇ ಡೈನಮೋ ಆಗಿ ಕಾರನ್ನು ಹಿಡಿಯುತ್ತದೆ, ಬ್ಯಾಟರಿಗೆ ಚಾರ್ಜ್ ತುಂಬುತ್ತದೆ. ಆದರೆ ರಾತ್ರಿಯಿಡೀ ಪ್ಲಗ್ ಹಾಕಿ ಶೇ 100 ತುಂಬಿಸಿ ಬೆಳಗ್ಗೆ ಮಡಿಕೇರಿಯಿಂದ ಇಳಿದರೆ, ಆ ಚಾರ್ಜಿಗೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ಬ್ಯಾಟರಿ ತಣ್ಣಗಿದ್ದರಂತೂ ಇನ್ನೂ ಕಡಿಮೆ ತೆಗೆದುಕೊಳ್ಳುತ್ತದೆ. ಕಾಲು ಎತ್ತಿದರೂ ಕಾರು ಹಿಡಿಯದೆ ಜಾರುತ್ತದೆ, ಅಭ್ಯಾಸ ಇಲ್ಲದವರು ಮೊದಲ ತಿರುವಿನಲ್ಲೇ ಗಾಬರಿಯಾಗುತ್ತಾರೆ. ತಿರುವಿನ ಮೇಲೆ ತಿರುವು, ಎಲ್ಲ ಭಾರ ಬ್ರೇಕಿನ ಮೇಲೆ. ಮಂಗಳೂರು ಕಡೆಗೆ ಹೊರಡುವ ದಿನ ಶೇ 80ಕ್ಕೆ ಚಾರ್ಜ್ ನಿಲ್ಲಿಸಿ.

ಇನ್ನು ಮಳೆಗಾಲ. ಮರ ಬಿದ್ದು ಲೈನ್ ಹರಿದರೆ ಒಳಗಿನ ಊರುಗಳಿಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಮನೆಯ ಪ್ಲಗ್ಗನ್ನೇ ನಂಬಿದವರಿಗೆ ಚಳಿಗಿಂತ ದೊಡ್ಡ ತೊಂದರೆ ಅದು. ಜೂನ್‌ನಿಂದ ಆಗಸ್ಟ್‌ವರೆಗೆ ಚಾರ್ಜ್ ಅರ್ಧಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಕುಶಾಲನಗರ, ಮೈಸೂರಿನ ಕಡೆ ಹೋದಾಗಲೆಲ್ಲ ಅಲ್ಲೇ ತುಂಬಿಸಿಕೊಂಡು ಬನ್ನಿ.