ಮನೆಯಲ್ಲಿ ಯಾರೂ ಕುಡಿಯಲ್ಲ, ಮತ್ತೆ ಇಂಗ್ಲೆಂಡಿನ ಹಳ್ಳಿ ಪಬ್‌ಗೆ ಯಾಕೆ ಹೋಗಬೇಕು?

"ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಕ್ಕಳು ಇನ್ನೂ ಸಣ್ಣವರು. ಭಾನುವಾರ ಹಳ್ಳಿ ಪಬ್‌ಗೆ ಹೋಗಿ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ನಮ್ಮಂಥವರು ಅಲ್ಲಿ ಹೋಗಿ ಏನು ಮಾಡೋದು?" ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡದವರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ.

ಊಟಕ್ಕೆ ಹೋಗಿ. ಕೂತು ಮಾತಾಡೋದಕ್ಕೆ ಹೋಗಿ. ಪಬ್ ಅಂದ ಕೂಡಲೇ ನಮಗೆ ಬ್ರಿಗೇಡ್ ರೋಡಿನ ಕತ್ತಲೆ, ಜೋರು ಸಂಗೀತ ನೆನಪಾಗುತ್ತದೆ. ಹಳ್ಳಿ ಪಬ್ ಹಾಗಲ್ಲ. ನಮ್ಮೂರಿನ ಅರಳಿಕಟ್ಟೆ ಮತ್ತು ಹೋಟೆಲ್ ಒಂದೇ ಸೂರಿನಡಿ ಸೇರಿದ ಹಾಗೆ. ಕಲ್ಲಿನ ನೆಲ, ಕೆಸರು ಮೆತ್ತಿದ ಬೂಟು, ಉರಿಯುವ ಒಲೆ, ಟೇಬಲ್ ಕೆಳಗೆ ಮಲಗಿದ ಯಾರದೋ ನಾಯಿ, ಮೂಲೆಯಲ್ಲಿ ಕೂತ ಅಜ್ಜ ಅಜ್ಜಿ.

ಕಾನೂನಿನ ಚಿಂತೆ ಬೇಡ. ಇಂಗ್ಲೆಂಡ್, ವೇಲ್ಸ್‌ಗೆ 2003ರ ಲೈಸೆನ್ಸಿಂಗ್ ಕಾಯ್ದೆ ಇದೆ. 16 ತುಂಬದ ಮಕ್ಕಳ ಜೊತೆ ದೊಡ್ಡವರು ಇದ್ದರೆ ಪಬ್ ಒಳಗೆ ಬರಬಹುದು. ಆದರೆ ಸಂಜೆ ಇಷ್ಟು ಗಂಟೆಯ ಮೇಲೆ ಮಕ್ಕಳು ಬೇಡ ಅನ್ನುವ ಹಕ್ಕು ಪಬ್‌ನವರಿಗೆ ಇದೆ. ಅದಕ್ಕೇ ಮಧ್ಯಾಹ್ನವೇ ಒಳ್ಳೆಯದು.

ಮಧ್ಯಾಹ್ನ ಅಂದರೂ ಎಚ್ಚರ ಇರಲಿ. ಮೊದಲ ವರ್ಷ ನಾವು ಹೊಲದ ದಾರಿಯಲ್ಲಿ ನಿಧಾನಕ್ಕೆ ನಡೆದು, ಕುರಿಮರಿ ನೋಡುತ್ತಾ ನಿಂತು, ಮೂರು ಗಂಟೆ ದಾಟಿದ ಮೇಲೆ ಒಂದು ಪಬ್ ತಲುಪಿದೆವು. ಬಾಗಿಲು ತೆರೆದಿತ್ತು, ಅಡುಗೆಮನೆ ಮುಚ್ಚಿತ್ತು. ಮಕ್ಕಳು ಚಿಪ್ಸ್ ಪ್ಯಾಕೆಟ್ ತಿಂದು ಅಳುತ್ತಾ ವಾಪಸ್ ಬಂದರು. ಪಬ್ ತೆರೆದಿದ್ದರೆ ಊಟ ಇದೆ ಅಂತ ಅರ್ಥ ಅಲ್ಲ. ಎಷ್ಟು ಗಂಟೆವರೆಗೆ ಊಟ ಕೊಡುತ್ತಾರೆ ಅಂತ ಫೋನ್ ಮಾಡಿ ಕೇಳಿ, ಟೇಬಲ್ ಕಾದಿರಿಸಿಯೇ ಹೊರಡಿ.

ಸಸ್ಯಾಹಾರಿಗಳು ಇನ್ನೂ ಸ್ವಲ್ಪ ಕೇಳಬೇಕಾಗುತ್ತದೆ. ಭಾನುವಾರದ ರೋಸ್ಟ್, ಅಂದರೆ ಹುರಿದ ಮಾಂಸ, ಆಲೂಗಡ್ಡೆ, ತರಕಾರಿಯ ಊಟ, ಅದರ ತಟ್ಟೆಯ ಮೇಲೆ ಸುರಿಯುವ ಕಂದು ಗ್ರೇವಿ ಸಾಮಾನ್ಯವಾಗಿ ಮಾಂಸದ ರಸದ್ದೇ. ಗರಿಗರಿ ಆಲೂಗಡ್ಡೆಯನ್ನು ದನದ ಕೊಬ್ಬಿನಲ್ಲಿ ಹುರಿದಿರಬಹುದು. ಬಟ್ಟಲಿನ ಹಾಗೆ ಉಬ್ಬಿದ ಯಾರ್ಕ್‌ಶೈರ್ ಪುಡ್ಡಿಂಗ್‌ನಲ್ಲಿ ಮೊಟ್ಟೆ ಇರುತ್ತದೆ. ಬರೀ "ವೆಜಿಟೇರಿಯನ್ ಇದೆಯಾ" ಅಂದರೆ ಸಾಲದು. ಗ್ರೇವಿ ಯಾವುದರದ್ದು, ಆಲೂಗಡ್ಡೆ ಯಾವುದರಲ್ಲಿ ಹುರಿದಿದ್ದು ಅಂತ ಬಿಡಿಸಿ ಕೇಳಿ. ನಮ್ಮಮ್ಮನಿಗೆ ಹಿಡಿಸಿದ್ದು ಪ್ಲೌಮನ್ಸ್ ಲಂಚ್. ಚೆಡ್ಡರ್ ಚೀಸಿನ ದಪ್ಪ ತುಂಡು, ಬ್ರೆಡ್, ಈರುಳ್ಳಿ, ಹುಳಿಸಿಹಿ ಪಿಕಲ್. ಅದರ ಜೊತೆ ಹ್ಯಾಮ್ ಬರುವುದೂ ಉಂಟು, ಬೇಡ ಅಂತ ಮೊದಲೇ ಹೇಳಿ.

ಕುಡಿಯೋದಕ್ಕೆ ಲೈಮ್ ಸೋಡಾ ಕೇಳಿ. ಒಂದು ಮಾತು ಮರೆಯಬೇಡಿ: ಇಲ್ಲಿ ಸೈಡರ್ ಅಂದರೆ ಸೇಬಿನ ಜ್ಯೂಸ್ ಅಲ್ಲ, ಅದರಲ್ಲಿ ಆಲ್ಕೋಹಾಲ್ ಇದೆ. ಮಕ್ಕಳಿಗೆ, ಅಪ್ಪ ಅಮ್ಮನಿಗೆ ತರುವಾಗ ಜೋಪಾನ. ಟೇಬಲ್ ಹತ್ತಿರ ಯಾರೂ ಬಂದು ಕೇಳಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಹೆಚ್ಚಿನ ಕಡೆ ಟೇಬಲ್ ನಂಬರ್ ನೋಡಿಕೊಂಡು ನಾವೇ ಕೌಂಟರಿಗೆ ಹೋಗಿ ಹೇಳಿ, ದುಡ್ಡು ಕೊಟ್ಟು ಬರಬೇಕು. ಕಾರು ಓಡಿಸುವವರು ಏನೂ ಕುಡಿಯೋದು ಬೇಡ. ಇಂಗ್ಲೆಂಡಿನ ಮಿತಿ 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ ಆಲ್ಕೋಹಾಲ್, ಸ್ಕಾಟ್ಲೆಂಡಿನಲ್ಲಿ 50. ಇಲ್ಲಿ ಬಿಯರ್ ಅಳೆಯುವ ಒಂದು ಪೈಂಟ್ ಅಂದರೆ 568 ಮಿ.ಲೀ., ಅಂದಾಜಿನಲ್ಲಿ ಲೆಕ್ಕ ಹಾಕುವ ವಿಷಯ ಅಲ್ಲ.

ಮಕ್ಕಳಿಗೆ ದಾರಿಯುದ್ದಕ್ಕೂ ಪಬ್‌ಗಳ ಬೋರ್ಡ್ ಹುಡುಕುವ ಕೆಲಸ ಕೊಡಿ. ಓದು ಬಾರದವರಿಗೂ ಗೊತ್ತಾಗಲಿ ಅಂತ ಹಳೆಯ ಕಾಲದಲ್ಲಿ ಚಿತ್ರ ತೂಗುಹಾಕುತ್ತಿದ್ದರು, ಅದು ಇವತ್ತಿಗೂ ಉಳಿದಿದೆ. ರಾಯಲ್ ಓಕ್ ಅಂತ ಕಂಡರೆ ಕಥೆ ಹೇಳಿ. 1651ರಲ್ಲಿ ವೂಸ್ಟರ್ ಯುದ್ಧದಲ್ಲಿ ಸೋತ ರಾಜ ಎರಡನೇ ಚಾರ್ಲ್ಸ್, ಬಾಸ್ಕೊಬೆಲ್ ಎಂಬಲ್ಲಿ ಓಕ್ ಮರ ಹತ್ತಿ ಕೂತು ಸೈನಿಕರಿಂದ ತಪ್ಪಿಸಿಕೊಂಡ, ಆ ಮರದ ನೆನಪೇ ಈ ಹೆಸರು. ನನ್ನ ಮಗಳು ಆಮೇಲೆ ಪ್ರತಿ ಬೋರ್ಡಿನ ಎಲೆಗಳ ನಡುವೆ ರಾಜನ ಮುಖ ಹುಡುಕುತ್ತಾಳೆ.

ಎಲ್ಲಿಗೆ ಅಂತ ಕೇಳಿದರೆ ನಾನು ಮೊದಲು ಹೇಳೋದು ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನ ಈಡೇಲ್ ಹಳ್ಳಿ. ಮ್ಯಾಂಚೆಸ್ಟರ್, ಶೆಫೀಲ್ಡ್ ಎರಡೂ ಕಡೆಯಿಂದ ಟ್ರೇನ್ ಇದೆ, ಕಾರಿನ ಗೋಜೇ ಇಲ್ಲ. ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ಓಲ್ಡ್ ನ್ಯಾಗ್ಸ್ ಹೆಡ್ ಎಂಬ ಹಳೇ ಪಬ್. 1965ರಲ್ಲಿ ತೆರೆದ ಪೆನೈನ್ ವೇ ಎಂಬ ಉದ್ದದ ಕಾಲುದಾರಿ ಸ್ಕಾಟ್ಲೆಂಡಿನ ಕಡೆಗೆ ಹೊರಡೋದು ಅಲ್ಲಿಂದಲೇ. ಅದೇ ದಾರಿಯಲ್ಲಿ ಅಪ್ಪರ್ ಬೂತ್‌ವರೆಗೆ ಹೋಗಿ ಬಂದರೆ ಹಸಿವು ಚೆನ್ನಾಗಿ ಆಗುತ್ತದೆ. ನಮ್ಮಪ್ಪ ಅಂಥದ್ದೇ ಒಂದು ನಡಿಗೆ ಮುಗಿಸಿ ಪಬ್‌ನಲ್ಲಿ ಕೂತಾಗ ಪಕ್ಕದ ಟೇಬಲ್ಲಿನ ರೈತರು ಎಲ್ಲಿಂದ ಬಂದಿರಿ ಅಂತ ಕೇಳಿದರು. ಅಪ್ಪನಿಗೆ ಬರುವುದು ಹರಕು ಇಂಗ್ಲಿಷ್. ಆದರೂ ಕುರಿ ಬೆಲೆ, ಮಳೆ, ಉಣ್ಣೆಗೆ ಏನು ಸಿಗುತ್ತದೆ ಅಂತ ಮುಕ್ಕಾಲು ಗಂಟೆ ಮಾತು ನಡೆಯಿತು. ಬಂದು ಎರಡು ತಿಂಗಳಾದರೂ ಮನೆಯ ಹೊರಗೆ ಅವರು ಅಷ್ಟು ಹೊತ್ತು ಯಾರ ಜೊತೆಗೂ ಮಾತಾಡಿರಲಿಲ್ಲ.

ವಾಪಸ್ ಟ್ರೇನ್ ಎಷ್ಟಕ್ಕೆ ಅಂತ ಮಾತ್ರ ಬೆಳಿಗ್ಗೆಯೇ ನೋಡಿಕೊಂಡಿರಿ. ಹೊರಡುವಾಗ ಖಾಲಿ ಗ್ಲಾಸುಗಳನ್ನು ಕೌಂಟರಿಗೆ ತಂದಿಟ್ಟರೆ ಅವರಿಗೆ ಖುಷಿ.