ಹಾಲು ಕರೆದದ್ದನ್ನು ಕಂಡವರುಂಟೆ? ಯೆಹೂದಿ ಆಹಾರ ನಿಯಮದ ಒಂದು ಹಳೆಯ ಜಗಳ

ಯೆಹೂದಿಗಳು ಮಾಂಸದ ಜೊತೆ ಹಾಲು ಬೆರೆಸುವುದಿಲ್ಲ ಎಂಬುದು ಹೊರಗಿನ ಅನೇಕರಿಗೆ ಗೊತ್ತು. ಬರೀ ಹಾಲಿಗೇ ಸಂಬಂಧಿಸಿದ ಇನ್ನೊಂದು ನಿಯಮ ಅಷ್ಟಾಗಿ ಪರಿಚಿತವಲ್ಲ. ಡೇರಿ ಉದ್ಯಮ ಬೆಳೆದಂತೆಲ್ಲ ರಬ್ಬಿಗಳ, ಅಂದರೆ ಯೆಹೂದಿ ಧರ್ಮಪಂಡಿತರ, ತಲೆ ತಿಂದದ್ದು ಈ ನಿಯಮ.

ತಿನ್ನಲು ಒಪ್ಪಿತವಾದ ಪ್ರಾಣಿಯ ಹಾಲು ಮಾತ್ರ ಕೋಷರ್, ಅಂದರೆ ಧರ್ಮಸಮ್ಮತ. ಪ್ರಾಣಿಯ ಗೊರಸು ಸೀಳಿರಬೇಕು, ಅದು ಮೆಲುಕು ಹಾಕಬೇಕು. ಹಸು, ಎಮ್ಮೆ, ಆಡು, ಕುರಿ ಸರಿ. ಒಂಟೆ, ಕುದುರೆ, ಕತ್ತೆ, ಹಂದಿ ಸಲ್ಲವು. ಪಾತ್ರೆಗೆ ಬಿದ್ದ ಮೇಲೆ ಹಾಲು ಯಾವುದರದೆಂದು ಕಣ್ಣಿಗೆ ತಿಳಿಯದು. ಆದ್ದರಿಂದ ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದಿ ಶಾಸ್ತ್ರಗ್ರಂಥ ಮಿಶ್ನಾ ಒಂದು ಕಟ್ಟಳೆ ಹಾಕಿತು: ಯೆಹೂದಿ ನೋಡದಿರುವಾಗ ಅನ್ಯಧರ್ಮೀಯ ಕರೆದ ಹಾಲನ್ನು ಮಾರಬಹುದು, ಕುಡಿಯುವಂತಿಲ್ಲ. ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್ ಇದನ್ನು ತುಸು ಸಡಿಲಿಸಿತು. ಯೆಹೂದಿ ಹಿಂಡಿನ ಪಕ್ಕದಲ್ಲಿ ಕೂತಿದ್ದರೂ ಸಾಕು, ಕೂತಲ್ಲಿಂದ ಕಾಣದಿದ್ದರೂ ಪರವಾಗಿಲ್ಲ. ಎದ್ದು ನಿಂತರೆ ಕಂಡೀತು ಎಂಬ ಅಂಜಿಕೆ ಕರೆಯುವವನಿಗೆ ಇದ್ದರೆ ಆಯಿತು. ಈ ಅಂಜಿಕೆ ಎಂಬ ಅಂಶವನ್ನು ನೆನಪಿಡಿ.

ಬೆರಕೆಯ ಭಯವೇ ಇಲ್ಲದ ಊರಲ್ಲೇನು ಮಾಡಬೇಕು? 17ನೇ ಶತಮಾನದ ರಬ್ಬಿ ಹಿಜ್ಕಿಯಾ ದ ಸಿಲ್ವಾ ಉದಾರವಾಗಿ ಉತ್ತರಿಸಿದರು. ಊರಲ್ಲಿ ನಿಷಿದ್ಧ ಹಾಲೇ ಇಲ್ಲದಿದ್ದರೆ, ಅಥವಾ ಅದು ಹಸುವಿನ ಹಾಲಿಗಿಂತ ದುಬಾರಿಯಾಗಿದ್ದರೆ ಬೆರೆಸುವವರಾರು? ಅಂಥಲ್ಲಿ ಕಾವಲು ಬೇಡ ಎಂದರು. ಇಂದಿನ ಬ್ರಾಟಿಸ್ಲಾವಾದಲ್ಲಿದ್ದ ರಬ್ಬಿ ಮೋಸೆಸ್ ಸೋಫರ್ (1762–1839) ಇದನ್ನು ಒಪ್ಪಲಿಲ್ಲ. ಕಾರಣ ಹೋದ ಮಾತ್ರಕ್ಕೆ ಕಟ್ಟಳೆ ಹೋಗುವುದಿಲ್ಲ ಎಂಬುದು ಅವರ ನಿಲುವು.

ಅಮೆರಿಕದಲ್ಲಿ ಈ ಬಿಕ್ಕಟ್ಟಿಗೆ ಪರಿಹಾರ ಕೊಟ್ಟವರು ನ್ಯೂಯಾರ್ಕಿನ ರಬ್ಬಿ ಮೋಶೆ ಫೈನ್‌ಸ್ಟೀನ್ (1895–1986). ಅಲ್ಲಿ 1924ರಲ್ಲೇ ಸಾರ್ವಜನಿಕ ಆರೋಗ್ಯ ಇಲಾಖೆ ಮಾದರಿ ಹಾಲು ಕಾಯಿದೆಯನ್ನು ರೂಪಿಸಿತ್ತು, ಸರ್ಕಾರಿ ತನಿಖೆ ಬೇರೂರಿತ್ತು. 1950ರ ದಶಕದಲ್ಲಿ ಫೈನ್‌ಸ್ಟೀನ್ ಕಟ್ಟಳೆ ಸತ್ತಿದೆ ಎನ್ನಲಿಲ್ಲ. ನೋಡುವುದೆಂದರೆ ಏನು ಎಂಬುದನ್ನೇ ಬೇರೆ ರೀತಿಯಲ್ಲಿ ಓದಿದರು. ಬೆರಕೆ ಮಾಡಿದರೆ ದಂಡ ಬೀಳುತ್ತದೆ, ಕಂಪನಿಗೆ ಬೀಗ ಬೀಳಬಹುದು. ಈ ಅಂಜಿಕೆಯಿಂದ ಬರುವ ಖಚಿತ ಅರಿವು ಕಣ್ಣಾರೆ ಕಂಡದ್ದಕ್ಕೆ ಸಮ ಎಂದರು. ಜಾಣ ವಾದ: ಸೋಫರ್ ಅವರ ಆಕ್ಷೇಪ ಇದಕ್ಕೆ ನೇರವಾಗಿ ತಾಗುವುದಿಲ್ಲ. ಹಾಗಿದ್ದೂ ಶ್ರದ್ಧಾವಂತರು ಕಾವಲಿನ ಹಾಲನ್ನೇ ಆರಿಸಿಕೊಳ್ಳುವುದು ಲೇಸು ಎಂದು ಫೈನ್‌ಸ್ಟೀನ್ ಅವರೇ ಬರೆದರು. ಈಗ ಎರಡು ಹೆಸರು ಬಳಕೆಯಲ್ಲಿವೆ: ಯೆಹೂದಿ ಕಾವಲಿನದು ಹಲಾವ್ ಯಿಸ್ರಾಯೇಲ್, ಸಾಮಾನ್ಯ ಕಂಪನಿ ಹಾಲು ಹಲಾವ್ ಸ್ತಾಮ್. ತನಿಖೆ ಸಡಿಲವಾಗಿರುವ ದೇಶದಲ್ಲಿ ಈ ವಾದ ನಿಲ್ಲುವುದಿಲ್ಲ.

ಕಾವಲಿನ ಹಾಲಿಗೆ ಬೆಲೆ ಏಕೆ ಹೆಚ್ಚು ಎಂದು ಕೆಲಸದ ಕ್ರಮ ನೋಡಿದರೆ ಗೊತ್ತಾಗುತ್ತದೆ. ಮೇಲ್ವಿಚಾರಕ ಕರೆಯುವ ಮೊದಲೇ ಬಂದು, ಹಿಂಡಿನಲ್ಲಿ ಬೇರೆ ಪ್ರಾಣಿಗಳಿಲ್ಲವೆಂದೂ ಪೈಪು, ತೊಟ್ಟಿ ಖಾಲಿ ಇವೆಯೆಂದೂ ನೋಡಬೇಕು. ಕರೆಯುವಾಗ ಇಡೀ ಹೊತ್ತು ನಿಂತಿರಬೇಕಿಲ್ಲ, ಹೇಳದೆ ಕೇಳದೆ ಒಳಗೆ ಬಂದು ಹೋಗುತ್ತಿದ್ದರೆ ಸಾಕು. ಟ್ಯಾಂಕರಿನ ಕವಾಟಕ್ಕೆ ಮುದ್ರೆ ಬೀಳುತ್ತದೆ. ಕಾರ್ಖಾನೆಯಲ್ಲಿ ಇನ್ನೊಂದು ತೊಡಕಿದೆ. ಪಾಶ್ಚರೀಕರಣ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ನಡೆಯುತ್ತದೆ. ಬಿಸಿಯಾದ ಲೋಹ ತನ್ನಲ್ಲಿದ್ದುದರ ರುಚಿ ಹೀರುತ್ತದೆಂಬುದು ಶಾಸ್ತ್ರ. ಹಾಗಾಗಿ ಅದೇ ಯಂತ್ರದಲ್ಲಿ ಮೊದಲು ಸಾಮಾನ್ಯ ಹಾಲು ಹರಿದಿದ್ದರೆ ಯಂತ್ರವನ್ನು ತೊಳೆದು, 24 ಗಂಟೆ ಸುಮ್ಮನೆ ಬಿಟ್ಟು, ಆಮೇಲೆ ಕುದಿನೀರು ಹಾಯಿಸುತ್ತಾರೆ.

ಚೀಸ್ ಬೇರೆಯೇ ದಾರಿ ಹಿಡಿಯಿತು. ಹಳೆಯ ಆಕ್ಷೇಪಗಳಲ್ಲಿ ಮುಖ್ಯವಾದದ್ದು ರೆನೆಟ್, ಅಂದರೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು. 1990ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕೈಮೋಸಿನ್‌ಗೆ (ರೆನೆಟ್‌ನಲ್ಲಿ ಹಾಲು ಹೆಪ್ಪುಗಟ್ಟಿಸುವ ಕಿಣ್ವ) ಒಪ್ಪಿಗೆ ಕೊಟ್ಟ ಮೇಲೆ ಕರುವಿನ ಹೊಟ್ಟೆಯ ಹಂಗು ಹೆಚ್ಚುಕಡಿಮೆ ತಪ್ಪಿತು, ನಿಷೇಧ ಮಾತ್ರ ತಪ್ಪಲಿಲ್ಲ. 16ನೇ ಶತಮಾನದ ಯೆಹೂದಿ ಧರ್ಮನಿಯಮಗಳ ಸಂಹಿತೆ ಶುಲ್ಹಾನ್ ಆರೂಖ್ ಸೊಪ್ಪಿನ ಹೆಪ್ಪು ಹಾಕಿದರೂ ಅನ್ಯರ ಚೀಸ್ ಸಲ್ಲದು ಎಂದಿದೆ. ಹಾಲಿನಲ್ಲಿ ಸೋತ ಸೋಫರ್ ತರ್ಕ ಇಲ್ಲಿ ಗೆದ್ದಿದೆ ಎನ್ನಬಹುದು. ಆದ್ದರಿಂದ ಗಟ್ಟಿ ಚೀಸ್ ಕೋಷರ್ ಆಗಬೇಕಾದರೆ ಮೇಲ್ವಿಚಾರಕ ಪ್ರತಿ ತೊಟ್ಟಿಯ ಮುಂದೆ ನಿಂತಿರಬೇಕು. ಕೋಷರ್ ಎಂದು ಪ್ರಮಾಣೀಕರಿಸುವ ಹಲವು ಸಂಸ್ಥೆಗಳಲ್ಲಿ ರೆನೆಟ್ ಹಾಕುವುದೂ ಅವನ ಕೈಯಿಂದಲೇ.

ಚೀಸಿನಿಂದ ಬಸಿದ ಹಾಲೊಡಕು ಬಿಸ್ಕತ್ತು, ಚಾಕಲೇಟು, ಶಿಶು ಆಹಾರಗಳಿಗೆ ಹೋಗುತ್ತದೆ. ಹೆಪ್ಪು ಕೋಷರ್ ಆಗಿದ್ದರೆ ಉಳಿದದ್ದನ್ನು ತಾಪಮಾನ ನಿರ್ಧರಿಸುತ್ತದೆ. ಚೆಡ್ಡರ್ ಸುಮಾರು 39 ಡಿಗ್ರಿಯಲ್ಲಿ ಕಾಯುತ್ತದೆ. ಕೈ ಸುಡುವ ಶಾಖ 45ರ ಆಸುಪಾಸು ಎಂದು ಲೆಕ್ಕ. ಅದಕ್ಕಿಂತ ತಣ್ಣಗಿದ್ದರೆ ಚೀಸಾಗುವ ಗಡ್ಡೆಯ ದೋಷ ಹಾಲೊಡಕಿಗೆ ದಾಟದು. ಸ್ವಿಸ್ ಚೀಸ್ 50 ಮೀರಿ ಕಾಯುವುದರಿಂದ ಅದರ ಹಾಲೊಡಕಿನ ಬಗ್ಗೆ ತಕರಾರಿದೆ. ಮೊಜ್ಜರೆಲ್ಲಾದಲ್ಲಿ ಎಡವಟ್ಟು ಬೇರೆ ಕಡೆ: ಗಡ್ಡೆಯನ್ನು ಬಿಸಿನೀರಲ್ಲಿ ನಾದಿ ಎಳೆಯುತ್ತಾರೆ. ಆ ನೀರಿನ ಕೆನೆ ತೆಗೆದು ಹಾಲೊಡಕಿನ ಕೆನೆಗೆ ಸೇರಿಸಿದರೆ ಅದುವರೆಗೆ ಸರಿಯಿದ್ದ ಸರಕೂ ಕೆಡುತ್ತದೆ.

ಹಾಲಿನ ಪುಡಿಯನ್ನು ಜೆರುಸಲೇಮಿನ ರಬ್ಬಿ ತ್ಸ್ವಿ ಪೆಸಾಖ್ ಫ್ರಾಂಕ್ (1873–1960) ಕಟ್ಟಳೆಯಿಂದ ಹೊರಗಿಟ್ಟರು. ಕಟ್ಟಳೆ ಹುಟ್ಟಿದಾಗ ಇಂಥ ಪದಾರ್ಥವೇ ಇರಲಿಲ್ಲ ಎಂಬುದು ಅವರ ವಾದದ ತಿರುಳು. ಒಪ್ಪದವರೂ ಇದ್ದಾರೆ. ಅದಕ್ಕೇ ಇಸ್ರೇಲಿನ ಅಂಗಡಿಗಳಲ್ಲಿ ಕೆಲವು ಚಾಕಲೇಟುಗಳ ಮೇಲೆ ‘ಅನ್ಯರ ಹಾಲಿನ ಪುಡಿ’ ಎಂದು ಪ್ರತ್ಯೇಕವಾಗಿ ಬರೆದಿರುತ್ತದೆ.

ಈಚಿನ ದಶಕಗಳ ತಲೆನೋವಿಗೆ ಕಾವಲಿನಿಂದ ಪರಿಹಾರವಿಲ್ಲ. ಹೆಚ್ಚು ಹಾಲು ಕೊಡುವ ತಳಿಗಳಲ್ಲಿ, ಮುಖ್ಯವಾಗಿ ಕರು ಹಾಕಿದ ಮೊದಲ ವಾರಗಳಲ್ಲಿ, ನಾಲ್ಕನೆಯ ಹೊಟ್ಟೆ ಗಾಳಿ ತುಂಬಿ ಎಡಕ್ಕೆ ಜಾರುತ್ತದೆ. ಪಶುವೈದ್ಯರು ಗಾಳಿ ಬಿಡಿಸಿ ಹೊಟ್ಟೆಯನ್ನು ಮೊದಲಿನ ಜಾಗದ ಒಡಲಗೋಡೆಗೆ ಹೊಲಿಯುತ್ತಾರೆ. ಹೊಟ್ಟೆಗೆ ತೂತು ಬಿದ್ದ ಪ್ರಾಣಿ ಶಾಸ್ತ್ರದ ಪ್ರಕಾರ ‘ತೆರೇಫಾ’: ಒಂದು ವರ್ಷ ಬದುಕದೆಂದು ಎಣಿಸಿದ್ದು, ಅದರ ಹಾಲೂ ನಿಷಿದ್ಧ. ಆ ಹಸು ಎದುರಿಗೇ ಮೇಯುತ್ತ, ಮತ್ತೆ ಗಬ್ಬವಾದರೂ ವಾದ ಮುಗಿಯುವುದಿಲ್ಲ. ನಿಷಿದ್ಧ ಹಾಲು ಒಟ್ಟಿನಲ್ಲಿ 60ರಲ್ಲೊಂದು ಪಾಲಿಗಿಂತ ಕಡಿಮೆಯಿದ್ದರೆ ಲೆಕ್ಕಕ್ಕಿಲ್ಲ. ಅಂದರೆ ನೂರಕ್ಕೆ ಸುಮಾರು ಒಂದೂವರೆ ಹಸುವಿನ ಹಾಲು ದಾಟಬಾರದು. ಅಮೆರಿಕದ ಸಂಸ್ಥೆಗಳು ಈ ಅನುಪಾತವನ್ನೂ, ಎಲ್ಲ ಶಸ್ತ್ರಚಿಕಿತ್ಸೆಗಳಿಂದಲೂ ಪ್ರಾಣಿ ತೆರೇಫಾ ಆಗಬೇಕೆಂದಿಲ್ಲ ಎಂಬ ವಾದವನ್ನೂ ನೆಚ್ಚಿಕೊಂಡಿವೆ. ಇಸ್ರೇಲಿನ ಕಟ್ಟುನಿಟ್ಟಿನ ಡೇರಿಗಳು ಚಿಕಿತ್ಸೆಗೊಳಗಾದ ಹಸುಗಳನ್ನು ಗುರುತು ಹಾಕಿ, ಅವುಗಳ ಹಾಲನ್ನು ಬೇರೆ ತೊಟ್ಟಿಗೆ ಬಿಡಿಸುತ್ತವೆ.